ಬೇಳೆಯೊಳಗಿನ ನೈಟ್ರೊಜನ್ ಮತ್ತು ಒಂದು ಎಂ.ಎಸ್‌ಸಿ. ಪದವಿ

ಎಂ.ಎಸ್‌ಸಿ. ಎಂದೊಡನೆ ನಿಮಗೆ ತರಗತಿ, ಪ್ರಾಯೋಗಿಕ ದಾಖಲೆ ಪುಸ್ತಕ, ಪರೀಕ್ಷೆಗಳು ನೆನಪಾಗುತ್ತವೆ ಅಲ್ಲವೇ? ಸ್ವತಃ ಸಂಶೋಧನೆ ನಡೆಸಿ, ಪ್ರಬಂಧ ಸಲ್ಲಿಸಿ ಅದೇ ಪದವಿ ಪಡೆಯುವ ಇನ್ನೊಂದು ದಾರಿಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದು ಹೀಗೆ ಪದವಿ ಪಡೆದವರು 1930ರ ದಶಕದಲ್ಲೇ ಇದ್ದರು. ಅವರಲ್ಲೊಬ್ಬರು ಕಮಲಾ ಭಾಗವತ್. ಮದುವೆಯ ನಂತರ ಅವರು ಕಮಲಾ ಸೊಹೋನಿ ಎಂದು ಪ್ರಸಿದ್ಧರಾದರು.

ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿ ಪಡೆದು ಕಮಲಾ 1933ರಲ್ಲಿ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಹೆಣ್ಣು ಎಂಬುದೇ ಕಾರಣ. ಕಮಲಾ ಹಟ ಬಿಡಲಿಲ್ಲ. ಕೊನೆಗೆ ಷರತ್ತುಗಳೊಡನೆ ಪ್ರವೇಶ ದೊರೆಯಿತು. ಮೊದಲ ವರ್ಷ ಅವರು ನಿಯಮಿತ ವಿದ್ಯಾರ್ಥಿನಿಯಲ್ಲ. ಕೆಲಸದ ಗುಣಮಟ್ಟವನ್ನು ನಿರ್ದೇಶಕರು ಒಪ್ಪುವವರೆಗೆ ಅದಕ್ಕೆ ಮಾನ್ಯತೆ ಇಲ್ಲ. ಇಂಥ ಷರತ್ತುಗಳು ಗಂಡುಹುಡುಗರಿಗೆ ಇರಲಿಲ್ಲ.

ಕಮಲಾ ಅವರ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಸಂಶೋಧನೆಯ ವಸ್ತು ನಮ್ಮ ಅಡುಗೆಮನೆಯದೇ: ಹಾಲು, ಬೇಳೆಕಾಳು. ಬೇಳೆಯಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯುವುದು ಹೇಗೆ? 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ರೂಪಿಸಿದ ವಿಧಾನದಲ್ಲಿ ಆಹಾರವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ, ಅದರಲ್ಲಿರುವ ನೈಟ್ರೊಜನ್ನನ್ನು ಅಳೆಯುತ್ತಾರೆ. ಪ್ರೋಟೀನಿನಲ್ಲಿ ನೈಟ್ರೊಜನ್ ಸುಮಾರು ಶೇಕಡ 16ರಷ್ಟು ಇರುತ್ತದೆ. ಆದ್ದರಿಂದ ಬಂದ ಅಂಕಿಯನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಪ್ರಮಾಣ ಸಿಗುತ್ತದೆ.

ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ, ಗಮನಿಸಿದಿರಾ? ನೈಟ್ರೊಜನ್ ಎಲ್ಲವೂ ಪ್ರೋಟೀನಿನದೇ ಎಂಬುದು ಆ ಊಹೆ. ಆದರೆ ಬಿಡಿ ಅಮೈನೊ ಆಮ್ಲಗಳಲ್ಲೂ ಇತರ ಸಣ್ಣ ಅಣುಗಳಲ್ಲೂ ನೈಟ್ರೊಜನ್ ಇರುತ್ತದೆ. ಬೇಳೆಕಾಳಿನ ಈ ಪ್ರೋಟೀನೇತರ ನೈಟ್ರೊಜನ್ ಕುರಿತು ಕಮಲಾ ಮತ್ತು ಶ್ರೀನಿವಾಸಯ್ಯ ಬರೆದ ಲೇಖನ 1935ರಲ್ಲಿ ಬ್ರಿಟನ್ನಿನ 'ಬಯೊಕೆಮಿಕಲ್ ಜರ್ನಲ್'ನಲ್ಲಿ ಪ್ರಕಟವಾಯಿತು.

ಇದೇನು ಬರೀ ಪುಸ್ತಕದ ಪ್ರಶ್ನೆ ಎನ್ನಬೇಡಿ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೀನ್ ಸೇರಿಸಿದ್ದು ಬಯಲಾಯಿತು. ನೈಟ್ರೊಜನ್ ಹೇರಳವಾಗಿರುವ ಈ ರಾಸಾಯನಿಕದಿಂದಾಗಿ ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚಿರುವಂತೆ ಕಾಣುತ್ತಿತ್ತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆಬಿದ್ದರು. 6 ಶಿಶುಗಳು ಸತ್ತವು.

ಒಂದು ವರ್ಷದ ಕೆಲಸ ನೋಡಿದ ರಾಮನ್, ಕಮಲಾ ಅವರನ್ನು ನಿಯಮಿತ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡರು. ಆನಂತರ ಬೇರೆ ಹೆಣ್ಣುಮಕ್ಕಳಿಗೂ ಸಂಸ್ಥೆಯಲ್ಲಿ ಪ್ರವೇಶ ದೊರೆಯತೊಡಗಿತು. 1936ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಈ ಸಂಶೋಧನೆಗಾಗಿ ಅವರಿಗೆ ಎಂ.ಎಸ್‌ಸಿ. ನೀಡಿತು. ಮುಂದೆ ಕೇಂಬ್ರಿಜ್‌ಗೆ ಹೋದ ಅವರು, ಪ್ರಾಣಿಗಳಲ್ಲಿ ಉಸಿರಾಟಕ್ಕೆ ನೆರವಾಗುವ ಸೈಟೊಕ್ರೋಮ್-ಸಿ ಸಸ್ಯಗಳಲ್ಲೂ ಇದೆ ಎಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು.

ಸಂಶೋಧನೆಯ ಸ್ನಾತಕೋತ್ತರ ಪದವಿಗೆ ಹೊರಟ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದದ್ದು ಇದು: ಕಮಲಾ ಅವರಿಗೆ ದುಬಾರಿ ಉಪಕರಣಕ್ಕಿಂತ ಮೊದಲು ಬೇಕಾದದ್ದು, ಎಲ್ಲರೂ ಒಪ್ಪಿದ್ದ ಅಂಕಿಯನ್ನು ಪ್ರಶ್ನಿಸುವ ಗುಣ. ಶಿಕ್ಷಕರೇ, ನಿಮ್ಮ ಪ್ರಯೋಗಾಲಯದಲ್ಲಿ ಮಕ್ಕಳು ಮುಂದಿನ ಬಾರಿ 6.25ರಿಂದ ಗುಣಿಸುವಾಗ, ಆ ಅಂಕಿ ಎಲ್ಲಿಂದ ಬಂತೆಂದು ಒಮ್ಮೆ ಕೇಳಿ ನೋಡಿ.