ನೇಪಾಳದ ಹಳ್ಳಿ ಶಾಲೆಗಳಲ್ಲಿ ಸ್ವಯಂಸೇವೆ

ನೇಪಾಳದ ಗುಡ್ಡಗಾಡಿನ ಮತ್ತು ತರಾಯಿ ಬಯಲಿನ ಹಳ್ಳಿ ಶಾಲೆಗಳಲ್ಲಿ, ಹೊಟ್ಟೆಬಟ್ಟೆಗೆ ಸಾಲುವಷ್ಟು ಭತ್ಯೆ ಪಡೆದೋ ಅದೂ ಇಲ್ಲದೆಯೋ ಪಾಠ ಹೇಳಿದವರ, ಗೋಡೆ ಕಟ್ಟಿದವರ, ಪುಸ್ತಕ ಹೊತ್ತು ತಂದವರ ಸೇವೆಗೆ ಏಳು ದಶಕಗಳ ಇತಿಹಾಸವಿದೆ. ಊರಿನ ನಿವೃತ್ತ ಸೈನಿಕರು, ಪರದೇಶದ ಪದವೀಧರರು, ಕಠ್ಮಂಡುವಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಪರ್ವತಾರೋಹಿಗಳು, ಪ್ರವಾಸಿಗಳು ಎಲ್ಲರೂ ಇದರಲ್ಲಿ ಪಾಲುದಾರರು. ಸುದ್ದಿಯಾದದ್ದು ಹೆಚ್ಚಾಗಿ ಹೊರಗಿನಿಂದ ಬಂದವರು. ಆದರೆ ಅವರ ಕೆಲಸ ಗಟ್ಟಿಯಾಗಿ ನಿಂತದ್ದು ಊರವರೇ ಬೇಕೆಂದು ಕೇಳಿ, ಬಂದವರು ಹೋದ ಮೇಲೂ ಶಾಲೆಯನ್ನು ತಾವೇ ನಡೆಸಿಕೊಂಡು ಹೋದ ಕಡೆಗಳಲ್ಲಿ.

ಹಿನ್ನೆಲೆ

1846ರಿಂದ 1951ರವರೆಗೆ ನೇಪಾಳವನ್ನು ಆಳಿದ ರಾಣಾ ಮನೆತನಕ್ಕೆ ಪ್ರಜೆಗಳು ಓದು ಕಲಿಯುವುದು ಬೇಕಿರಲಿಲ್ಲ. ಜಂಗ್ ಬಹಾದ್ದೂರ್ ರಾಣಾ 1854ರಲ್ಲಿ ಆರಂಭಿಸಿದ ದರ್ಬಾರ್ ಶಾಲೆ ಮೊದಲಿಗೆ ಅರಮನೆಯ ಮಕ್ಕಳಿಗಷ್ಟೇ ಮೀಸಲಾಗಿತ್ತು. ರಾಣಾ ಆಳ್ವಿಕೆ ಕೊನೆಗೊಂಡ ಮೇಲೆ ನಡೆದ 1952–54ರ ಜನಗಣತಿಯಲ್ಲಿ ಸಾಕ್ಷರರ ಪ್ರಮಾಣ ಶೇ. 5ರ ಆಸುಪಾಸಿನಲ್ಲಿತ್ತು.

ಹೊಸ ಸರ್ಕಾರ 1954ರಲ್ಲಿ ರಾಷ್ಟ್ರೀಯ ಶಿಕ್ಷಣ ಯೋಜನಾ ಆಯೋಗವನ್ನು ನೇಮಿಸಿತು. ಅಮೆರಿಕದ ಶಿಕ್ಷಣ ತಜ್ಞ ಹ್ಯೂ ಬಿ. ವುಡ್ ಅದರ ಸಲಹೆಗಾರರಾಗಿದ್ದರು. ವರದಿ ಬರುವ ಹೊತ್ತಿಗಾಗಲೇ ಹಳ್ಳಿಗಳು ಕೆಲಸ ಶುರುಮಾಡಿದ್ದವು. ಜನ ಚಂದಾ ಎತ್ತಿದರು, ಕಲ್ಲು ಮರ ಹೊತ್ತರು, ಸರದಿಯಂತೆ ಮೇಷ್ಟ್ರಿಗೆ ಊಟ ಹಾಕಿದರು. ಬ್ರಿಟಿಷ್ ಮತ್ತು ಭಾರತೀಯ ಸೇನೆಯ ಗೂರ್ಖಾ ಪಡೆಗಳಲ್ಲಿ ಅಕ್ಷರ ಕಲಿತು ಪಿಂಚಣಿ ಪಡೆದು ಮರಳಿದವರು ಅನೇಕ ಊರುಗಳಲ್ಲಿ ಮೊದಲ ಗುರುಗಳಾದರು. ದೇಶದ ಶಾಲಾ ವ್ಯವಸ್ಥೆಯ ಬುನಾದಿಯಲ್ಲಿ ಯಾವ ಪಟ್ಟಿಗೂ ಸೇರದ ಈ ಜನರ ಶ್ರಮವಿದೆ.

ಖುಮ್‌ಜುಂಗ್

1953ರಲ್ಲಿ ತೇನ್ಸಿಂಗ್ ನೋರ್ಗೆ ಜೊತೆ ಎವರೆಸ್ಟ್ ಏರಿದ ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿ ಶೆರ್ಪಾ ಸಮುದಾಯಕ್ಕೆ ಏನು ಬೇಕೆಂದು ವಿಚಾರಿಸಿದಾಗ, ಅವರು ಕೇಳಿದ್ದು ಶಾಲೆಯನ್ನು. 1961ರಲ್ಲಿ, ಸುಮಾರು 3,800 ಮೀಟರ್ ಎತ್ತರದ ಖುಮ್‌ಜುಂಗ್ ಹಳ್ಳಿಯಲ್ಲಿ ಅಲ್ಯೂಮಿನಿಯಂ ತಗಡಿನ ಪುಟ್ಟ ಶಾಲೆಯೊಂದು ಎದ್ದಿತು. ಹಿಲರಿಯ ಸಂಗಡಿಗರಾದ ಪರ್ವತಾರೋಹಿಗಳು ಮತ್ತು ಊರಿನ ಜನ ಒಟ್ಟಾಗಿ ಅದನ್ನು ಕಟ್ಟಿದರು. ಪಾಠಕ್ಕೆ ನ್ಯೂಜಿಲೆಂಡಿನಿಂದ ಯಾರನ್ನೂ ಕರೆಸಲಿಲ್ಲ. ಡಾರ್ಜಿಲಿಂಗ್‌ನಲ್ಲಿ ಓದಿದ ಶೆರ್ಪಾ ಒಬ್ಬರನ್ನೇ ಮೇಷ್ಟ್ರಾಗಿ ಕರೆತಂದರು. ಮಕ್ಕಳ ಮನೆಮಾತು ಬಲ್ಲವರು ತರಗತಿಯಲ್ಲಿರಬೇಕೆಂಬ ಆ ತೀರ್ಮಾನ ಶಾಲೆಯ ಭವಿಷ್ಯವನ್ನೇ ನಿರ್ಧರಿಸಿತು.

ಮುಂದೆ ಹಿಲರಿ ಸ್ಥಾಪಿಸಿದ ಹಿಮಾಲಯನ್ ಟ್ರಸ್ಟ್ ಥಾಮೆ, ಪಾಂಗ್‌ಬೋಚೆ ಸೇರಿದಂತೆ ಸೋಲುಖುಂಬು ಜಿಲ್ಲೆಯ ಹಲವೆಡೆ ಶಾಲೆ ಕಟ್ಟಿತು. ನ್ಯೂಜಿಲೆಂಡಿನ ಬಡಗಿಗಳೂ ಶಿಕ್ಷಕರೂ ರಜೆ ಹಾಕಿ ಬಂದು ದುಡಿದರು. ಖುಮ್‌ಜುಂಗ್‌ನ ಆರಂಭದ ವಿದ್ಯಾರ್ಥಿಗಳಲ್ಲಿ ಒಬ್ಬರಾದ ಮಿಂಗ್ಮಾ ನೋರ್ಬು ಶೆರ್ಪಾ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ವಾರ್ಡನ್ ಆದರು. ಇನ್ನೊಬ್ಬರಾದ ಆಂಗ್ ರೀತಾ ಶೆರ್ಪಾ ಟ್ರಸ್ಟ್‌ನ ಆಡಳಿತವನ್ನೇ ವಹಿಸಿಕೊಂಡರು.

ಪೀಸ್ ಕೋರ್ ಶಿಕ್ಷಕರು

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ 1961ರ ಮಾರ್ಚ್‌ನಲ್ಲಿ ಪೀಸ್ ಕೋರ್ ಎಂಬ ಸ್ವಯಂಸೇವಾ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷವೇ ಅದರ ಮೊದಲ ತಂಡ ನೇಪಾಳಕ್ಕೆ ಬಂತು. ಶಾಲೆಗಳ ಸಂಖ್ಯೆ ಏರುತ್ತಿತ್ತು. ಇಂಗ್ಲಿಷ್, ಗಣಿತ, ವಿಜ್ಞಾನ ಕಲಿಸಬಲ್ಲವರು ಮಾತ್ರ ಸಿಗುತ್ತಿರಲಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿಯಂಥ ಅಲ್ಲಿನ ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹಳ್ಳಿ ಮಕ್ಕಳು ಮುಗ್ಗರಿಸುತ್ತಿದ್ದದ್ದೂ ಈ ವಿಷಯಗಳಲ್ಲೇ. ಆಗಷ್ಟೇ ಕಾಲೇಜು ಮುಗಿಸಿದ ಅಮೆರಿಕನ್ ತರುಣ ತರುಣಿಯರು ಆ ಖಾಲಿ ಜಾಗ ತುಂಬಿದರು.

ಈ ವ್ಯವಸ್ಥೆಗೆ ಬಲ ಕೊಟ್ಟದ್ದು ಎರಡು ನಿಯಮಗಳು. ಶಾಲೆಗೆ ಹೋಗುವ ಮೊದಲು ನೇಪಾಳಿ ಭಾಷೆಯ ತೀವ್ರ ತರಬೇತಿ ಕಡ್ಡಾಯವಾಗಿತ್ತು. ಸೇವೆಯ ಅವಧಿ ಎರಡು ವರ್ಷ. ರಸ್ತೆಯಿಲ್ಲದ ಊರಿಗೆ ದಿನಗಟ್ಟಲೆ ನಡೆದು ಹೋಗಿ, ಅಲ್ಲಿನವರ ಮನೆಯಲ್ಲೇ ದಾಲ್ ಭಾತ್ ಉಂಡು, ಅವರ ಹಬ್ಬ ಸೂತಕಗಳಲ್ಲಿ ಬೆರೆತು ಇದ್ದವರಿಗೆ ಆ ಊರಿನ ಮಗು ಯಾಕೆ ಶಾಲೆ ತಪ್ಪಿಸುತ್ತದೆ ಎಂಬುದು ತಿಳಿಯುತ್ತಿತ್ತು. ನಾಟಿಯ ಕಾಲ, ಹುಲ್ಲು ಕೊಯ್ಯುವ ಕೆಲಸ, ನೋಡಿಕೊಳ್ಳಬೇಕಾದ ತಮ್ಮ ತಂಗಿಯರು: ಇವೆಲ್ಲ ಕಣ್ಣಿಗೆ ಬೀಳಲು ಒಂದು ಕೃಷಿ ವರ್ಷವಾದರೂ ಅಲ್ಲಿರಬೇಕು. 1970ರ ದಶಕದಲ್ಲಿ ಗುರುಂಗ್ ಹಳ್ಳಿಯೊಂದರ ಶಾಲೆಗೆ ಬಂದ ಬ್ರಾಟನ್ ಕೋಬರ್ನ್ ಅವರಿಗೆ ವೃದ್ಧೆಯೊಬ್ಬರ ಎಮ್ಮೆ ಕೊಟ್ಟಿಗೆಯ ಮೇಲಿನ ಕೋಣೆ ಬಿಡಾರವಾಯಿತು. ಆ ಅಜ್ಜಿಯ ಬದುಕನ್ನು ಅವರು ಬರೆದಿಟ್ಟ ‘ನೇಪಾಳಿ ಆಮಾ’ 1982ರಲ್ಲಿ ಪುಸ್ತಕವಾಗಿ ಬಂತು. ಪಾಠ ಹೇಳಲು ಬಂದವರು ಓದು ಬಾರದ ಹೆಂಗಸಿನಿಂದ ಎಷ್ಟು ಕಲಿತರೆಂಬುದಕ್ಕೆ ಅದು ಒಳ್ಳೆಯ ದಾಖಲೆ.

ಮಾವೋವಾದಿ ಸಂಘರ್ಷ ಬಿಗಡಾಯಿಸಿದಾಗ, 2004ರಲ್ಲಿ, ಪೀಸ್ ಕೋರ್ ತನ್ನ ಕೆಲಸ ನಿಲ್ಲಿಸಿತು. 2012ರಲ್ಲಿ ಅದು ಮರಳಿದಾಗ ಮುಖ್ಯ ಒತ್ತು ಕೃಷಿ ಮತ್ತು ಆಹಾರ ಭದ್ರತೆಯ ಕಡೆಗಿತ್ತು.

ರಾಷ್ಟ್ರೀಯ ವಿಕಾಸ ಸೇವೆ

ಸ್ವದೇಶಿ ಪ್ರಯತ್ನಗಳಲ್ಲಿ ದೊಡ್ಡದು 1974ರಲ್ಲಿ ತ್ರಿಭುವನ್ ವಿಶ್ವವಿದ್ಯಾಲಯ ಆರಂಭಿಸಿದ ರಾಷ್ಟ್ರೀಯ ವಿಕಾಸ ಸೇವೆ. ಸ್ನಾತಕೋತ್ತರ ಪದವಿ ಬೇಕೆಂದರೆ ಸುಮಾರು ಒಂದು ಶೈಕ್ಷಣಿಕ ವರ್ಷವನ್ನು ಹಳ್ಳಿಯಲ್ಲಿ ಕಳೆಯಲೇಬೇಕಿತ್ತು. ಕಡ್ಡಾಯವಾಗಿದ್ದರಿಂದ ಇದನ್ನು ಶುದ್ಧ ಸ್ವಯಂಸೇವೆ ಎನ್ನಲಾಗದು. ಆದರೂ ದೇಶದ ಶಾಲೆಗಳ ಮೇಲೆ ಇದು ಬೀರಿದ ಪ್ರಭಾವ ಆಳವಾದದ್ದು. ವಿದ್ಯಾರ್ಥಿಗಳು ಪ್ರೌಢಶಾಲೆಗಳಲ್ಲಿ ಪಾಠ ಮಾಡಿದರು, ವಯಸ್ಕರಿಗೆ ಅಕ್ಷರ ಕಲಿಸಿದರು, ಕುಡಿಯುವ ನೀರಿನ ಕೊಳವೆ ಹಾಕಲು ನೆರವಾದರು, ಗಿಡ ನೆಟ್ಟರು. ಕಣಿವೆಯ ಆಚೆಗಿನ ತಮ್ಮ ದೇಶವನ್ನು ಕಂಡೇ ಇರದ ಕಠ್ಮಂಡುವಿನ ಯುವಕರಿಗೆ ಅಲ್ಲಿನ ಬಡತನ, ಜಾತಿಯ ಕಟ್ಟುಪಾಡು, ದೂರದ ಆಸ್ಪತ್ರೆ ಎಲ್ಲವೂ ಎದುರಾದವು.

ಆಳುವವರಿಗೆ ಅಳುಕು ಹುಟ್ಟಿದ್ದೂ ಅಲ್ಲೇ. ರಾಜಕೀಯ ಪಕ್ಷಗಳನ್ನು ನಿಷೇಧಿಸಿದ್ದ ಪಂಚಾಯತ್ ಆಡಳಿತದಲ್ಲಿ, ಓದಿದ ಯುವಜನ ಹಳ್ಳಿ ಹಳ್ಳಿಗೂ ಹೋಗಿ ಜನರ ಜೊತೆ ಕೂತು ಮಾತಾಡುವುದು ಅರಮನೆಗೆ ಹಿಡಿಸಲಿಲ್ಲ. 1979ರ ವಿದ್ಯಾರ್ಥಿ ಚಳವಳಿಯ ನಂತರ ರಾಜ ಬೀರೇಂದ್ರ ಜನಮತ ಸಂಗ್ರಹ ಘೋಷಿಸಿದರು. ಆ ಸಂದರ್ಭದಲ್ಲೇ ಯೋಜನೆ ನಿಂತುಹೋಯಿತು. ಅದು ಹೇಳಿಕೊಡುತ್ತಿದ್ದ ಪಾಠಗಳಿಗೆ ಬೇರೆ ಮೇಷ್ಟ್ರುಗಳನ್ನು ಒದಗಿಸುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ನಷ್ಟ ಹಳ್ಳಿ ಮಕ್ಕಳದಾಯಿತು.

ನಾಂಗಿ: ಊರೇ ನಡೆಸಿದ ಸೇವೆ

ಪಶ್ಚಿಮ ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಹಳ್ಳಿಯ ಕಥೆ ಇನ್ನೊಂದು ಬಗೆಯದು. ಅಲ್ಲಿ ಹುಟ್ಟಿದ ಮಹಾವೀರ್ ಪುನ್ ಅವರ ತಂದೆ ಗೂರ್ಖಾ ಸೈನಿಕ. ಮಗನ ಓದಿಗೆಂದೇ ಅವರು ಕುಟುಂಬವನ್ನು ಬಯಲುಸೀಮೆಗೆ ಕರೆದೊಯ್ದಿದ್ದರು. ಹಲವು ವರ್ಷ ಶಿಕ್ಷಕರಾಗಿ ದುಡಿದು, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ನೆಬ್ರಾಸ್ಕಾದಲ್ಲಿ ಪದವಿ ಪಡೆದ ಪುನ್ 1990ರ ದಶಕದ ಆರಂಭದಲ್ಲಿ ನಾಂಗಿಗೆ ಮರಳಿದರು. ಊರವರೊಂದಿಗೆ ಸೇರಿ ಹಿಮಾಂಚಲ್ ಪ್ರೌಢಶಾಲೆ ಕಟ್ಟಿದರು. ಶಿಕ್ಷಕರ ಸಂಬಳಕ್ಕಾಗಿ ಊರು ಕೈಯಿಂದ ಮಾಡಿದ ಕಾಗದ, ಯಾಕ್ ಸಾಕಣೆ, ಚಾರಣಿಗರ ಬಿಡಾರ ಮುಂತಾದ ಕಸುಬುಗಳನ್ನು ಹೂಡಿತು.

ಹೊರಗಿನ ಸ್ವಯಂಸೇವಕರು ಬಂದದ್ದು ಈ ಚೌಕಟ್ಟಿನೊಳಗೆ. ಯಾರು ಬೇಕು, ಎಷ್ಟು ದಿನಕ್ಕೆ, ಯಾವ ಕೆಲಸಕ್ಕೆ ಎಂಬುದನ್ನು ಶಾಲೆಯೇ ಹೇಳಿತು. ಕೊಡುಗೆಯಾಗಿ ಬಂದ ಹಳೆಯ ಕಂಪ್ಯೂಟರ್ ಭಾಗಗಳನ್ನು ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಮಕ್ಕಳ ಮುಂದಿಟ್ಟರು. ಇಂಟರ್ನೆಟ್ ತರುವುದು ಹೇಗೆಂದು ಪುನ್ 2001ರಲ್ಲಿ ಬಿಬಿಸಿಗೆ ಬರೆದ ಪತ್ರದ ಬಳಿಕ ಹಲವು ದೇಶಗಳ ತಂತ್ರಜ್ಞರು ಸ್ವಯಂಸೇವಕರಾಗಿ ಬಂದರು. ಟಿವಿ ಡಿಶ್‌ಗಳನ್ನೇ ಆಂಟೆನಾ ಮಾಡಿ, ಮರದ ಮೇಲೆ ಕಟ್ಟಿ, ಪೋಖರಾದಿಂದ ನಾಂಗಿಗೆ ನಿಸ್ತಂತು ಸಂಪರ್ಕ ಕಲ್ಪಿಸಿದರು. ಅದರ ನಿರ್ವಹಣೆ ಕಲಿತದ್ದು ಊರಿನ ಹುಡುಗರೇ. ಒಬ್ಬ ಶಿಕ್ಷಕರ ಪಾಠ ಹಲವು ಹಳ್ಳಿಗಳಿಗೆ ತಲುಪುವಂತಾಯಿತು, ಪೋಖರಾದ ವೈದ್ಯರ ಸಲಹೆಯೂ ಸಿಗತೊಡಗಿತು. 2007ರಲ್ಲಿ ಪುನ್ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಪುಸ್ತಕಗಳ ವಿಷಯದಲ್ಲೂ ಇಂಥದೇ ಬದಲಾವಣೆ ನಡೆಯಿತು. 1998ರಲ್ಲಿ ಲಮ್‌ಜುಂಗ್ ಜಿಲ್ಲೆಗೆ ಚಾರಣ ಬಂದ ಮೈಕ್ರೋಸಾಫ್ಟ್ ಅಧಿಕಾರಿ ಜಾನ್ ವುಡ್ ಅವರಿಗೆ ಬಹುಂಡಾಂಡಾದ ಶಾಲೆಯಲ್ಲಿ ಕಂಡದ್ದು ಪ್ರವಾಸಿಗಳು ಬಿಟ್ಟುಹೋದ ಕೆಲವೇ ಪುಸ್ತಕಗಳು, ಅದೂ ಬೀಗ ಹಾಕಿದ ಕಪಾಟಿನಲ್ಲಿ. ಅಲ್ಲಿಂದ ಹುಟ್ಟಿದ ‘ರೂಮ್ ಟು ರೀಡ್’ ಸಂಸ್ಥೆ ಮೊದಲಿಗೆ ದಾನದ ಇಂಗ್ಲಿಷ್ ಪುಸ್ತಕಗಳನ್ನು ಹಂಚಿತು. ನೇಪಾಳಿಯಲ್ಲಿ ಮಕ್ಕಳ ಪುಸ್ತಕಗಳೇ ವಿರಳವೆಂದು ಮನಗಂಡ ಮೇಲೆ ಸ್ಥಳೀಯ ಲೇಖಕರು, ಚಿತ್ರಕಾರರಿಂದ ಮಾಡಿಸಿ ತಾನೇ ಪ್ರಕಟಿಸತೊಡಗಿತು.

ಪ್ರವಾಸದ ಜೊತೆ ಬೆರೆತ ಸೇವೆ

2000ದ ನಂತರ ಕೆಲವೇ ವಾರಗಳ, ಹಣ ಕೊಟ್ಟು ಮಾಡುವ ಸ್ವಯಂಸೇವೆ ಒಂದು ವ್ಯಾಪಾರವಾಗಿ ಬೆಳೆಯಿತು. ತರಬೇತಿಯಿಲ್ಲದ, ಭಾಷೆ ಬಾರದ ಅತಿಥಿಗಳು ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಮಕ್ಕಳು ಇಂಗ್ಲಿಷ್‌ನ ಅದೇ ಮೊದಲ ಪಾಠವನ್ನು ಮತ್ತೆ ಮತ್ತೆ ಕಲಿಯಬೇಕಾಗುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ನಡೆದದ್ದು ಅನಾಥಾಲಯಗಳ ಹೆಸರಿನಲ್ಲಿ. 1996–2006ರ ಮಾವೋವಾದಿ ಸಂಘರ್ಷದ ಕಾಲದಲ್ಲಿ ಹುಮ್ಲಾದಂಥ ದುರ್ಗಮ ಜಿಲ್ಲೆಗಳ ತಂದೆತಾಯಿಗೆ ಒಳ್ಳೆಯ ಶಾಲೆಯ ಆಸೆ ತೋರಿಸಿ, ಹಣ ಪಡೆದು, ದಲ್ಲಾಳಿಗಳು ಮಕ್ಕಳನ್ನು ನಗರಕ್ಕೆ ಸಾಗಿಸಿದರು. ಹೆತ್ತವರು ಬದುಕಿದ್ದರೂ ಆ ಮಕ್ಕಳನ್ನು ಅನಾಥರೆಂದು ತೋರಿಸಿ ಪ್ರವಾಸಿ ಸ್ವಯಂಸೇವಕರಿಂದ ದೇಣಿಗೆ ಎತ್ತಿದ ಪ್ರಕರಣಗಳು ಬಯಲಾದವು. ಹೀಗೆ ಸಾಗಿಸಲ್ಪಟ್ಟ ಮಕ್ಕಳಿದ್ದ ಒಂದು ಮನೆಗೆ ಸೇವೆಗೆಂದು ಬಂದ ಅಮೆರಿಕದ ಕಾನರ್ ಗ್ರೆನನ್ ನಿಜ ತಿಳಿದ ಮೇಲೆ ಹುಮ್ಲಾದ ಬೆಟ್ಟಗಳಲ್ಲಿ ನಡೆದು ಮಕ್ಕಳ ಮನೆಗಳನ್ನು ಹುಡುಕಿದರು. ಮಕ್ಕಳನ್ನು ಕುಟುಂಬಕ್ಕೆ ಮರಳಿಸುವ ‘ನೆಕ್ಸ್ಟ್ ಜನರೇಶನ್ ನೇಪಾಳ್’ ಸಂಸ್ಥೆ 2006ರಲ್ಲಿ ಹುಟ್ಟಿದ್ದು ಹೀಗೆ. ಪ್ರವಾಸಿ ವೀಸಾದಲ್ಲಿ ಬಂದು ಸ್ವಯಂಸೇವೆ ಮಾಡುವುದಕ್ಕೆ ನೇಪಾಳದ ಕಾನೂನಿನಲ್ಲಿ ಅವಕಾಶವಿಲ್ಲ.

ಭೂಕಂಪದ ನಂತರ

2015ರ ಏಪ್ರಿಲ್ 25ರ ಭೂಕಂಪ ಸುಮಾರು 9,000 ಜನರನ್ನು ಬಲಿ ತೆಗೆದುಕೊಂಡಿತು. ಅಂದು ಶನಿವಾರ, ನೇಪಾಳದಲ್ಲಿ ವಾರದ ರಜೆ. ಸಾವಿರಾರು ತರಗತಿ ಕೋಣೆಗಳು ಕುಸಿದರೂ ಒಳಗೆ ಮಕ್ಕಳಿರಲಿಲ್ಲ. ಬಿದಿರು, ತಗಡು, ಟಾರ್ಪಾಲಿನ್‌ನಿಂದ ತಾತ್ಕಾಲಿಕ ಶಾಲೆ ಕಟ್ಟಲು ಊರವರ ಜೊತೆ ನೇಪಾಳದ ಯುವಜನ ಸ್ವಯಂಸೇವಕರು ಕೈಜೋಡಿಸಿದರು. ಮೇ ತಿಂಗಳ ಕೊನೆಗೆ ಪಾಠ ಮತ್ತೆ ಶುರುವಾಯಿತು.

ಅತಿ ಹೆಚ್ಚು ಹಾನಿಗೊಳಗಾದ ಸಿಂಧುಪಾಲ್‌ಚೋಕ್ ಜಿಲ್ಲೆಯಲ್ಲಿ ಆಗಲೇ ‘ಟೀಚ್ ಫಾರ್ ನೇಪಾಳ್’ ಕೆಲಸ ಮಾಡುತ್ತಿತ್ತು. 2013ರಲ್ಲಿ ಮೊದಲ ತಂಡವನ್ನು ಶಾಲೆಗಳಿಗೆ ಕಳಿಸಿದ ಈ ಸಂಸ್ಥೆ ನೇಪಾಳದ ಪದವೀಧರರನ್ನು ಆರಿಸಿ, ತರಬೇತಿ ಕೊಟ್ಟು, ಭತ್ಯೆಯ ಮೇಲೆ ಎರಡು ವರ್ಷ ಸರ್ಕಾರಿ ಶಾಲೆಗಳಲ್ಲಿ ಕಲಿಸಲು ನೇಮಿಸುತ್ತದೆ. ಅವರು ಹೆಚ್ಚಾಗಿ ಕಲಿಸುವುದು ಇಂಗ್ಲಿಷ್, ಗಣಿತ, ವಿಜ್ಞಾನವನ್ನೇ.

2021ರ ಜನಗಣತಿಯ ಪ್ರಕಾರ ನೇಪಾಳದ ಸಾಕ್ಷರತೆ ಶೇ. 76.2. 2015ರ ಸಂವಿಧಾನ ಶಾಲಾ ಶಿಕ್ಷಣದ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿದೆ. ಹಾಗಾಗಿ ಇಂದು ಹಳ್ಳಿ ಶಾಲೆಯಲ್ಲಿ ಸೇವೆ ಸಲ್ಲಿಸಲು ಬಯಸುವವರು ಮೊದಲು ಮಾತಾಡಬೇಕಾದದ್ದು ಅಲ್ಲಿನ ಗಾವ್‌ಪಾಲಿಕಾ ಎಂಬ ಗ್ರಾಮಾಡಳಿತ, ಹೆಡ್‌ಮಾಸ್ಟರ್ ಮತ್ತು ಪೋಷಕರಿರುವ ಶಾಲಾ ಸಮಿತಿಯೊಂದಿಗೆ.