ಸವೆತವೋ, ಫ್ಲೋರೋಸಿಸ್ಸೋ: ಚಿತ್ರದುರ್ಗ ಸೀಮೆಯ ಹಲ್ಲುಗಳ ಕುರಿತು ಒಂದು ಟಿಪ್ಪಣಿ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಪುರಾತತ್ತ್ವಜ್ಞರಾದ ಎಂ. ಎಚ್. ಕೃಷ್ಣ ಅವರು 1929ರಲ್ಲೂ ಮಾರ್ಟಿಮರ್ ವೀಲರ್ ಅವರು 1947ರಲ್ಲೂ ಉತ್ಖನನ ನಡೆಸಿದರು. ಇದೇ ಜಿಲ್ಲೆಯ ಬ್ರಹ್ಮಗಿರಿಯ ಶಿಲಾಸಮಾಧಿಗಳಲ್ಲಿ ವೀಲರ್ ಅವರಿಗೆ ಮನುಷ್ಯರ ಎಲುಬುಗಳು ಸಿಕ್ಕವು. ಇಂಥ ಅಸ್ಥಿಗಳನ್ನು ನೋಡಿ ಆ ವ್ಯಕ್ತಿ ಸತ್ತಾಗಿನ ವಯಸ್ಸು ಹೇಳಲು ದವಡೆ ಹಲ್ಲಿನ ಸವೆತವನ್ನು ನೋಡುವ ಕ್ರಮವೊಂದನ್ನು 1963ರಲ್ಲಿ ಮೈಲ್ಸ್ ಮಂಡಿಸಿದರು. ಮೊದಲ ದವಡೆ ಹಲ್ಲು ಸುಮಾರು 6ನೇ ವಯಸ್ಸಿಗೆ ಮೂಡಿದರೆ ಎರಡನೆಯದು 12ರ ಹೊತ್ತಿಗೆ ಬರುತ್ತದೆ. ನಡುವಿನ ಆರು ವರ್ಷದಲ್ಲಿ ಮೊದಲನೆಯದು ಎಷ್ಟು ಸವೆದಿದೆ ಎಂಬುದೇ ಅಲ್ಲಿ ಅಳತೆಗೋಲು. ಜಾಣತನದ ಕ್ರಮ, ಆದರೆ ಈ ಸೀಮೆಯಲ್ಲಿ ಅದನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಾರಣ, ಇಲ್ಲಿನ ನೆಲದ ನೀರು. ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಎಳೆಯ ವಯಸ್ಸಿನಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಇಂಥ ನೀರು ಕುಡಿದರೆ ಎನಾಮಲ್ ಟೊಳ್ಳಾಗುತ್ತದೆ; ಇದೇ ಫ್ಲೋರೋಸಿಸ್. ಅದು ತೀವ್ರವಾಗಿದ್ದರೆ, ಹಲ್ಲು ಮೂಡಿದ ಮೇಲೆ ಎನಾಮಲ್ ಚಕ್ಕೆಯೆದ್ದು ಉದುರುತ್ತದೆ. ನೋಡಿದವರು ಇದನ್ನೇ ಸವೆತವೆಂದು ಬರೆದುಕೊಳ್ಳುವುದುಂಟು.

ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಲ್ಲಿಗೆ ಹಲ್ಲು ತಾಗಿ ಸವೆದ ಜಾಗ ಚಪ್ಪಟೆಯಾಗಿ ಹೊಳೆಯುತ್ತದೆ. ಎದುರಿನ ಹಲ್ಲಿನಲ್ಲೂ ಅದಕ್ಕೆ ಸರಿಹೊಂದುವ ಗುರುತಿರುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಇದು ಢಾಳಾಗಿ ಕಾಣುತ್ತದೆ. ಆಮ್ಲದಿಂದ ಕರಗಿದ ಹಲ್ಲಿನ ತುದಿಯಲ್ಲಿ ನುಣುಪಾದ ಕುಳಿ ಬಿದ್ದಿರುತ್ತದೆ. ಲಿಂಬೆ, ಹುಣಸೆ, ಸೋಡಾ, ಮೇಲಿಂದ ಮೇಲೆ ಬರುವ ಹುಳಿತೇಗು, ವಾಂತಿ ಇವೆಲ್ಲ ಇದಕ್ಕೆ ಕಾರಣ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಜೊಲ್ಲು ಕಡಿಮೆಯಿರುವವರಿಗೆ ಅಪಾಯ ಹೆಚ್ಚು. ಬಿರುಸಾದ ಬ್ರಷ್ಷು, ಇದ್ದಿಲು, ಇಟ್ಟಿಗೆಪುಡಿಗಳಿಂದ ಉಜ್ಜಿದರೆ ಒಸಡಿನಂಚಿನಲ್ಲಿ ಕಚ್ಚು ಬೀಳುತ್ತದೆ. ಭೀಮಸಮುದ್ರ, ಹೊಳಲ್ಕೆರೆ ಕಡೆಯ ಅಡಿಕೆ ಸೀಮೆಯಲ್ಲಿ ಗಟ್ಟಿ ಅಡಿಕೆ ಜಗಿದು ಹಲ್ಲು ಸವೆಸಿಕೊಳ್ಳುವ ರೂಢಿಯನ್ನೂ ಮರೆಯಬಾರದು. ಫ್ಲೋರೋಸಿಸ್ಸಿನ ಗುಳಿಗಳಾದರೋ ಅಂಚು ಹರಿದಂತಿದ್ದು, ಬಾಯಿಯ ಎಡಬಲಗಳ ಜೋಡಿ ಹಲ್ಲುಗಳೆರಡರಲ್ಲೂ ಇರುತ್ತವೆ.

ಈ ತೊಂದರೆಗಳು ಒಂದೊಂದಾಗಿ ಬರುವುದು ಅಪರೂಪ. ಫ್ಲೋರೋಸಿಸ್ಸಿನ ಕಂದುಕಲೆ ಹೋಗಲೆಂದು ಇದ್ದಿಲಲ್ಲಿ ತಿಕ್ಕಿದವರ ಟೊಳ್ಳು ಎನಾಮಲ್ ಇನ್ನೂ ಬೇಗ ಹೋಗುತ್ತದೆ, ಆ ಕಲೆಯಂತೂ ಹಾಗೇ ಉಳಿಯುತ್ತದೆ. ಈ ಮಾತು ಹಳ್ಳಿಯ ಶಾಲೆಗಳಿಗೆ ಮುಟ್ಟಲೇಬೇಕು.

ದಂತ ತಪಾಸಣೆ ನಡೆಸುವವರಲ್ಲಿ ನನ್ನ ವಿನಂತಿ: ಸವೆತದ ದರ್ಜೆಯ ಪಕ್ಕದಲ್ಲಿ, ಆ ವ್ಯಕ್ತಿ ಎಂಟು ವರ್ಷದವರೆಗೆ ಕುಡಿದದ್ದು ವಾಣಿವಿಲಾಸ ಸಾಗರ ಜಲಾಶಯದ ನೀರೋ, ಊರಿನ ಕೊಳವೆಬಾವಿಯದೋ ಎಂಬುದನ್ನೂ ದಾಖಲಿಸಿ.