24 ಗಂಟೆಯ ಗಡುವು ಬಂದ ದಾರಿ

ಬೆನಗಲ್ ನರಸಿಂಗ ರಾಯರ ಹೆಸರೆತ್ತಿದರೆ ಮಂಗಳೂರಿನ ವಕೀಲರಿಗೆಲ್ಲ ಹೆಮ್ಮೆ. ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸು, ಕೇಂಬ್ರಿಜ್ ದಾಟಿ ಐಸಿಎಸ್ ಸೇರಿದವರು ಅವರು. 1946ರಿಂದ ಸಂವಿಧಾನ ಸಭೆಯ ಸಲಹೆಗಾರರಾಗಿ ಸಂಬಳವಿಲ್ಲದೆ ದುಡಿದರು. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಕೈಗೆತ್ತಿಕೊಂಡದ್ದು ರಾಯರು ಸಿದ್ಧಪಡಿಸಿದ್ದ 243 ವಿಧಿಗಳ ಮೊದಲ ಕರಡನ್ನೇ. ಆ ಹೆಮ್ಮೆ ನನಗೂ ಇದೆ. ಆದರೆ ಕ್ರಿಮಿನಲ್ ಕೋರ್ಟಿನಲ್ಲೇ ಕೂದಲು ನೆರೆತಿರುವ ನಾನು ಅವರ ಒಂದು ಸಲಹೆಯನ್ನು ಇಂದಿಗೂ ಒಪ್ಪಿಲ್ಲ.

1947ರ ಏಪ್ರಿಲ್ 30ರಂದು ಸಂವಿಧಾನ ಸಭೆ ಒಂದು ಹಕ್ಕನ್ನು ಒಪ್ಪಿಕೊಂಡಿತ್ತು: ‘ಡ್ಯೂ ಪ್ರೋಸೆಸ್’, ಅಂದರೆ ಕಾನೂನಿನ ಯುಕ್ತ ಪ್ರಕ್ರಿಯೆ ಇಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ. ಅಮೆರಿಕದಿಂದ ಬಂದ ತತ್ವ ಇದು. ಇದಿದ್ದರೆ ನ್ಯಾಯಾಧೀಶರು ಒಬ್ಬನನ್ನು ಜೈಲಿಗೆ ಹಾಕಲು ಕಾನೂನು ಇದೆಯೋ ಇಲ್ಲವೋ ಎಂದು ನೋಡಿ ಸುಮ್ಮನಾಗಬೇಕಿಲ್ಲ. ಆ ಕಾನೂನೇ ನ್ಯಾಯವಾಗಿದೆಯೇ ಎಂದೂ ಕೇಳಬಹುದು.

ಅದೇ ವರ್ಷದ ಕೊನೆಯಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ರಾಯರಿಗೆ ಎಚ್ಚರಿಕೆ ಕೊಟ್ಟರು: ಜನ ಆರಿಸಿದ ಶಾಸನಸಭೆಯ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ, ನ್ಯಾಯಾಂಗಕ್ಕೂ ಅದು ಹೊರಲಾಗದ ಹೊರೆ. ಈ ಮಾತಿನ ಹಿಂದೆ ಕಹಿ ಅನುಭವವಿತ್ತು. ನ್ಯೂಯಾರ್ಕಿನ ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಕಾನೂನನ್ನು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದೇ ತತ್ವದ ಹೆಸರಿನಲ್ಲಿ ರದ್ದು ಮಾಡಿತ್ತು. ಮಾಲೀಕ ಮತ್ತು ಕೂಲಿಯವನ ‘ಕರಾರಿನ ಸ್ವಾತಂತ್ರ್ಯ’ಕ್ಕೆ ಧಕ್ಕೆಯಾಗುತ್ತದೆ ಎಂಬುದು ಕೊಟ್ಟ ಕಾರಣ.

ಮರಳಿ ಬಂದ ರಾಯರು ಡ್ಯೂ ಪ್ರೋಸೆಸನ್ನು ಕೈಬಿಡಿ ಎಂದು ಸಲಹೆ ಕೊಟ್ಟರು. ಅವರ ಭಯ ಹುರುಳಿಲ್ಲದ್ದಲ್ಲ. ಜಮೀನ್ದಾರಿ ಕಿತ್ತುಹಾಕಬೇಕಿದ್ದ, ಗೇಣಿದಾರನಿಗೆ ನೆಲದ ಹಕ್ಕು ಕೊಡಬೇಕಿದ್ದ ದೇಶ ನಮ್ಮದು. ಚಾಲಗೇಣಿಯ ಒಕ್ಕಲು ಧಣಿಯ ಮನಸ್ಸು ಬದಲಾದರೆ ಗದ್ದೆ ಬಿಟ್ಟೇಳಬೇಕಿದ್ದ ಜಿಲ್ಲೆಯವನು ನಾನು. ಅಂಥ ಸುಧಾರಣೆಗೆ ಕೋರ್ಟುಗಳು ಅಡ್ಡ ಬರಬಾರದೆಂಬ ಕಾಳಜಿ ನನಗೆ ಅರ್ಥವಾಗುತ್ತದೆ. 1951ರಲ್ಲಿ ಪಟ್ನಾ ಹೈಕೋರ್ಟ್ ಬಿಹಾರದ ಭೂಸುಧಾರಣಾ ಕಾಯ್ದೆಯನ್ನು ಬೇರೊಂದು ವಿಧಿಯಡಿ ಅಸಿಂಧು ಮಾಡಿದಾಗ, ಆ ಕಾಳಜಿ ಬರೀ ಊಹೆಯಾಗಿರಲಿಲ್ಲ ಎಂಬುದೂ ಗೊತ್ತಾಯಿತು.

ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಈ ವಿಧಿಯಿಂದ ಆಸ್ತಿಯ ಪ್ರಸ್ತಾಪ ಅಷ್ಟರಲ್ಲಾಗಲೇ ಬಿಟ್ಟುಹೋಗಿತ್ತು. ಕರಡು ಸಮಿತಿ ‘ಸ್ವಾತಂತ್ರ್ಯ’ ಎಂದಿದ್ದುದನ್ನು ‘ವೈಯಕ್ತಿಕ ಸ್ವಾತಂತ್ರ್ಯ’ ಎಂದು ಬಿಗಿಗೊಳಿಸಿತ್ತು. ಅಲ್ಲಿಗೆ ಜಮೀನ್ದಾರನೂ ಗಿರಣಿ ಮಾಲೀಕನೂ ಈ ಬಾಗಿಲಿನಿಂದ ಒಳಗೆ ಬರಲು ಸಾಧ್ಯವಿರಲಿಲ್ಲ. ಇಷ್ಟಾದ ಮೇಲೂ ಸಮಿತಿ ಡ್ಯೂ ಪ್ರೋಸೆಸನ್ನು ತೆಗೆದು, ಜಪಾನಿನ ಹೊಸ ಸಂವಿಧಾನದಲ್ಲಿದ್ದಂತೆ ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’ದ ಪ್ರಕಾರ ಎಂದು ಬರೆಯಿತು. ಹಾಗಾದರೆ ಈ ಬದಲಾವಣೆಯಿಂದ ರಕ್ಷಣೆ ಕಳೆದುಕೊಂಡವನು ಯಾರು? ಪೊಲೀಸರು ಹಿಡಿದೊಯ್ದ ಮನುಷ್ಯ. ವಿಭಜನೆಯ ರಕ್ತಪಾತ, ಗಾಂಧಿ ಹತ್ಯೆ, ತೆಲಂಗಾಣದ ಸಶಸ್ತ್ರ ಹೋರಾಟದ ಕಾಲ ಅದು. ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕುವ ಅಧಿಕಾರ ಸರ್ಕಾರಗಳಿಗೆ ಬೇಕಿತ್ತು. ಗೇಣಿದಾರನ ಹೆಸರು ಹೇಳಿ ಕೈದಿಯ ಹಕ್ಕನ್ನು ಬಿಟ್ಟುಕೊಟ್ಟೆವು ಎಂದು ನನಗೆ ಅನಿಸುವುದು ಇಲ್ಲೇ.

ಸಭೆ ಇದನ್ನು ಬಾಯಿಮುಚ್ಚಿ ಒಪ್ಪಲಿಲ್ಲ. 1948ರ ಡಿಸೆಂಬರ್ 6ರಂದು ಕಾಜಿ ಸಯ್ಯದ್ ಕರೀಮುದ್ದೀನ್ ಹಳೆಯ ಮಾತನ್ನೇ ಮತ್ತೆ ಸೇರಿಸಿ ಎಂದು ತಿದ್ದುಪಡಿ ಮಂಡಿಸಿದರು. ಕರಡು ಸಮಿತಿಯ ಸದಸ್ಯರೇ ಆಗಿದ್ದ ಕೆ.ಎಂ. ಮುನ್ಷಿ ಎದ್ದು ನಿಂತು ಸಮಿತಿಯ ವಿರುದ್ಧ ಮಾತಾಡಿದರು. ‘ವೈಯಕ್ತಿಕ’ ಎಂದು ಸೇರಿಸಿದ ಮೇಲೆ ಅಮೆರಿಕದ ಪಾಡು ನಮಗೆ ಬರುವುದಿಲ್ಲ ಎಂಬುದು ಅವರ ವಾದ. ಅದೇ ಸಮಿತಿಯ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಬದಲಾವಣೆಯ ಪರ ನಿಂತರು. ಡಿಸೆಂಬರ್ 13ರಂದು ಉತ್ತರ ಕೊಡಬೇಕಾದ ಅಂಬೇಡ್ಕರರು ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಪಕ್ಷದ ಜನರಿಂದ ತುಂಬಿದ ಶಾಸನಸಭೆ ಹಕ್ಕುಗಳನ್ನು ತುಳಿಯಬಹುದು; ಹಾಗೆಂದು ಐದಾರು ನ್ಯಾಯಾಧೀಶರ ಮನಸ್ಸಾಕ್ಷಿಯ ಮೇಲೆ ಎಲ್ಲವನ್ನೂ ಬಿಡುವುದೂ ಕಷ್ಟ. ಎರಡೂ ಕಡೆ ಅಪಾಯವಿದೆ, ಸಭೆಯೇ ತೀರ್ಮಾನಿಸಲಿ ಎಂದು ಕುಳಿತರು. ಅವರ ಭಾಷಣಗಳಲ್ಲಿ ಇಷ್ಟು ತೊಳಲಾಟದ್ದು ಇನ್ನೊಂದನ್ನು ನಾನು ಓದಿಲ್ಲ. ತಿದ್ದುಪಡಿ ಬಿದ್ದುಹೋಯಿತು.

ಒಂಬತ್ತು ತಿಂಗಳ ಬಳಿಕ, 1949ರ ಸೆಪ್ಟೆಂಬರ್ 15ರಂದು, ಅಂಬೇಡ್ಕರರು ಹೊಸದೊಂದು ವಿಧಿಯನ್ನು ತಂದರು. ಡಿಸೆಂಬರಿನ ತೀರ್ಮಾನ ಹಲವರಿಗೆ ನೋವು ತಂದಿದೆ, ಅದಕ್ಕೆ ಇದು ಪರಿಹಾರ ಎಂದು ಅವರೇ ಹೇಳಿದರು. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲನನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಈ ಗಡುವು ಬ್ರಿಟಿಷರ ಕಾಲದ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು. ಆದರೆ ಸಾದಾ ಕಾನೂನನ್ನು ಯಾವ ಶಾಸನಸಭೆಯೂ ಅಳಿಸಿಬಿಡಬಹುದು. ಮೂಲಭೂತ ಹಕ್ಕಾದರೆ ಅಷ್ಟು ಸುಲಭವಲ್ಲ. ಇಂದಿನ 22ನೇ ವಿಧಿ ಹುಟ್ಟಿದ್ದು ಹೀಗೆ.

ಅದರ ಬೆಲೆ ಗೊತ್ತಾಗಬೇಕಾದರೆ ರಜಾದಿನದ ರಿಮಾಂಡ್ ನೋಡಬೇಕು. ಒಂದು ಮಳೆಗಾಲದ ಭಾನುವಾರ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬನನ್ನು ಮ್ಯಾಜಿಸ್ಟ್ರೇಟರ ಮನೆಗೆ ತಂದಿದ್ದರು. ಅರೆಸ್ಟ್ ಮೆಮೋದಲ್ಲಿ ಶನಿವಾರ ಸಂಜೆ 6 ಗಂಟೆ ಎಂದಿತ್ತು. ಗೇಟಿನ ಬಳಿ ಕೊಡೆ ಹಿಡಿದು ನಿಂತಿದ್ದ ಅವನ ತಾಯಿ ಮಾತ್ರ, “ಶುಕ್ರವಾರ ರಾತ್ರಿಯೇ ಕರ್ಕೊಂಡು ಹೋಗಿದ್ದಾರೆ ವಕೀಲ್ರೇ, ನಾನು ಠಾಣೆಗೆ ಊಟ ಕೊಂಡು ಹೋಗಿದ್ದೆ” ಎಂದರು. ಮ್ಯಾಜಿಸ್ಟ್ರೇಟರು ಪೊಲೀಸರನ್ನು ವರಾಂಡದ ಆಚೆ ಕಳಿಸಿ ಹುಡುಗನನ್ನೇ ಕೇಳಿದರು. “ಹೋಟೆಲಿನ ಬಾಗಿಲು ಹಾಕುವಾಗ ಬಂದ್ರು ಸರ್, ಶುಕ್ರವಾರ.” ಅವರು ಅದನ್ನು ಹಾಗೆಯೇ ಆರ್ಡರ್ ಶೀಟಿನಲ್ಲಿ ಬರೆದುಕೊಂಡು ಅವನನ್ನು ಜಾಮೀನಿನ ಮೇಲೆ ಬಿಟ್ಟರು. ಆ ಕಾಗದದ ಹಿಂದೆ ಇದ್ದ ಬಲ 1949ರ ಸೆಪ್ಟೆಂಬರಿನದು.

ಆದರೆ ಅದೇ ವಿಧಿಯ ಉಳಿದರ್ಧ ಈ ಹಕ್ಕನ್ನು ಒಂದು ವರ್ಗಕ್ಕೆ ಕೊಡುವುದಿಲ್ಲ. ವಿಚಾರಣೆಯಿಲ್ಲದ ಮುನ್ನೆಚ್ಚರಿಕೆಯ ಬಂಧನದಲ್ಲಿರುವವನಿಗೆ 24 ಗಂಟೆಯ ಗಡುವಿಲ್ಲ, ವಕೀಲನ ಹಕ್ಕಿಲ್ಲ. ಇಂಥ ಬಂಧನವನ್ನು ಪರಿಶೀಲಿಸುವ ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆಯೇ ಮೂರು ತಿಂಗಳು ಒಳಗಿಡಬಹುದು. ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಬಕ್ಷಿ ಟೇಕ್ ಚಂದ್ ಇದಕ್ಕೆ ಯಾವ ಸಂವಿಧಾನದಲ್ಲೂ ಸಾಟಿಯಿಲ್ಲ ಎಂದು ಸಿಡಿದರು. ಮಹಾವೀರ್ ತ್ಯಾಗಿಯವರಂತೂ ಕರಡು ಸಮಿತಿಯವರಿಗೆ ಜೈಲಿನ ಅನುಭವ ಇದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ ಎಂದರು. ಒತ್ತಡಕ್ಕೆ ಮಣಿದು ಮರುದಿನ ಇನ್ನಷ್ಟು ಸೇರಿಸಲಾಯಿತು: ಬಂಧನದ ಕಾರಣಗಳನ್ನು ಆದಷ್ಟು ಬೇಗ ತಿಳಿಸಬೇಕು, ಮನವಿ ಸಲ್ಲಿಸಲು ಅವಕಾಶ ಕೊಡಬೇಕು. ಇಂದು ಹೈಕೋರ್ಟುಗಳಲ್ಲಿ ಗೂಂಡಾ ಕಾಯ್ದೆಯಡಿಯ ಮುನ್ನೆಚ್ಚರಿಕೆ ಬಂಧನದ ಆದೇಶಗಳು ಬಿದ್ದುಹೋಗುವುದು ಬಹುಪಾಲು ಈ ಎರಡು ಷರತ್ತುಗಳಿಗೆ ಎಡವಿಯೇ.

ಮೊದಲ ಪರೀಕ್ಷೆ ತಡವಾಗಲಿಲ್ಲ. 1950ರ ಫೆಬ್ರುವರಿಯಲ್ಲಿ ಸಂಸತ್ತು ಮುನ್ನೆಚ್ಚರಿಕೆ ಬಂಧನ ಕಾಯ್ದೆ ಮಾಡಿತು. 1947ರ ಡಿಸೆಂಬರಿನಿಂದಲೇ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರಿಗೆ ಮಾರ್ಚ್ 1ರಂದು ಅದರಡಿ ಹೊಸ ಆದೇಶ ಜಾರಿಯಾಯಿತು. ಸುಪ್ರೀಂ ಕೋರ್ಟಿನಲ್ಲಿ ಅವರ ಪರ ನಿಂತವರು ಎಂ.ಕೆ. ನಂಬಿಯಾರ್, ಮದ್ರಾಸಿಗೆ ಹೋಗುವ ಮೊದಲು ನಮ್ಮ ಮಂಗಳೂರಿನಲ್ಲೇ ವಕೀಲಿ ಮಾಡಿದ್ದವರು. ರಾಯರು ತೆಗೆಸಿದ್ದನ್ನು ವಾದದ ಮೂಲಕ ಮರಳಿ ತರಲು ಅವರು ಹೋರಾಡಿದರು: ಕಾನೂನಿನ ಕಾರ್ಯವಿಧಾನ ಎಂದರೆ ಅದರಲ್ಲಿ ಸಹಜ ನ್ಯಾಯ ಇರಲೇಬೇಕು ಎಂದು. ಮೇ 19ರ ತೀರ್ಪಿನಲ್ಲಿ ಅವರಿಗೆ ಸೋಲಾಯಿತು. ಬಂಧನದ ಕಾರಣಗಳನ್ನು ಕೋರ್ಟಿಗೂ ತಿಳಿಸಬಾರದೆಂಬ 14ನೇ ಕಲಮು ಮಾತ್ರ ಬಿದ್ದಿತು. ಆರು ನ್ಯಾಯಮೂರ್ತಿಗಳಲ್ಲಿ ಫಜಲ್ ಅಲಿ ಒಬ್ಬರೇ ನಂಬಿಯಾರರ ವಾದದ ಕಡೆಗಿದ್ದರು.

ಮಂಗಳೂರಿನಲ್ಲಿ ಹುಟ್ಟಿದ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಐಸಿಎಸ್‌ಗೆ ರಾಜೀನಾಮೆ ಕೊಟ್ಟು ಸುಭಾಷರ ಜೊತೆ ಹೋದ ಎಚ್.ವಿ. ಕಾಮತ್. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವುದನ್ನೇ ತಡೆಯಬಹುದೆಂಬ ವಿಧಿ 1949ರ ಆಗಸ್ಟ್ 20ರಂದು ಅಂಗೀಕಾರವಾದಾಗ, ಇದು ನಾಚಿಕೆಯ ದಿನ ಎಂದು ಸಭೆಯಲ್ಲೇ ಹೇಳಿದವರು ಅವರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದೇ ಬಂದಾಗ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿತರಾದರು. ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅದೆಲ್ಲವನ್ನೂ ತಳ್ಳಿಹಾಕಿತು, ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು.

1978ರ ಜನವರಿ 25ರಂದು, ಮೇನಕಾ ಗಾಂಧಿ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕು ಎಂದು ಅದೇ ಕೋರ್ಟ್ ಹೇಳಿತು. ಕರೀಮುದ್ದೀನ್, ಮುನ್ಷಿ, ನಂಬಿಯಾರ್ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ಆ ಮೂವತ್ತು ವರ್ಷಗಳಲ್ಲಿ ಜೈಲಿನಲ್ಲಿ ಕಳೆದವರಿಗೆ ಆ ದಿನಗಳನ್ನು ಯಾರೂ ಹಿಂದಿರುಗಿಸಲಿಲ್ಲ.

1978ರ 44ನೇ ತಿದ್ದುಪಡಿ ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಆ ಹಕ್ಕನ್ನು, ಅಂದರೆ 21ನೇ ವಿಧಿಯನ್ನು, ಅಮಾನತಿನಲ್ಲಿಡದಂತೆ ಮಾಡಿತು. 22ನೇ ವಿಧಿಯ ಮೂರು ತಿಂಗಳನ್ನು ಎರಡಕ್ಕೆ ಇಳಿಸಿ, ಸಲಹಾ ಮಂಡಳಿಗೆ ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯೇ ಅಧ್ಯಕ್ಷರಾಗಿರಬೇಕು ಎಂದೂ ಬರೆಯಿತು. ಈ ಭಾಗ ಯಾವತ್ತಿನಿಂದ ಜಾರಿಗೆ ಬರಬೇಕೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬೇಕಿತ್ತು. ಅಲ್ಲಿಂದೀಚೆಗೆ ಎಷ್ಟೋ ಪಕ್ಷಗಳು ದೆಹಲಿಯಲ್ಲಿ ಅಧಿಕಾರಕ್ಕೆ ಬಂದು ಹೋದವು, ಅವುಗಳಲ್ಲಿ ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರ ಪಕ್ಷಗಳೂ ಇದ್ದವು. ಅಧಿಸೂಚನೆ ಬಂದಿಲ್ಲ. ಗೂಂಡಾ ಕಾಯ್ದೆಯ ಅರ್ಜಿ ಬರೆಯಲು ಕೂತಾಗ ನಾನು ಇಂದಿಗೂ ಲೆಕ್ಕ ಹಾಕುವುದು 1949ರ ಮೂರು ತಿಂಗಳನ್ನೇ.